ಹೊಟ್ಟೆನೋವು ಮಗಳಿಗೆ, ಕ್ಲಾಸು ಅಮ್ಮನಿಗೆ! ಆನ್‌ಲೈನ್‌ನಲ್ಲಿ ಕಲಿತು ಉಪಯೋಗ ಉಂಟಾ?

ಸುರತ್ಕಲ್ ಅಮ್ಮ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಬೇಜಾರು ಮಾಡಬೇಡಿ.

ಮಗಳು ಎರಡನೇ ಕ್ಲಾಸ್. ಶಾಲೆ ಶುರುವಾಗಿ ಎರಡು ವಾರ ಖುಷಿಯಲ್ಲೇ ಹೋದಳು. ಆಮೇಲೆ ಬೆಳಿಗ್ಗೆ ಏಳೂವರೆಗೆ ಸರಿಯಾಗಿ ಹೊಟ್ಟೆನೋವು. ತಟ್ಟೆಯಲ್ಲಿ ನೀರುದೋಸೆ ಹಾಗೇ ಇರುತ್ತದೆ, ಒಂದು ಕಾಲಿಗೆ ಸಾಕ್ಸ್ ಹಾಕಿ ಆಗಿರುತ್ತದೆ, ಗೇಟಿನ ಹತ್ತಿರ ರಿಕ್ಷಾದ ಹಾರ್ನ್ ಕೇಳಿದ ಕೂಡಲೇ ಹೊಟ್ಟೆ ಹಿಡಿದುಕೊಂಡು ನೆಲದಲ್ಲಿ ಕೂತುಬಿಡುತ್ತಾಳೆ. ಜೋರು ಮಳೆ ಅಂತ ಡಿಸಿ ರಜೆ ಕೊಟ್ಟ ದಿನ ನೋವಿಲ್ಲ. ಶನಿವಾರ ಮಧ್ಯಾಹ್ನದ ನಂತರ ನೋವಿಲ್ಲ. ಭಾನುವಾರ ಕತ್ತಲಾಗುವಾಗ ಮತ್ತೆ ಶುರು.

ಜೀರಿಗೆ ಕಷಾಯ ಆಯ್ತು, ಹುಳದ ಮದ್ದು ಆಯ್ತು, ಅತ್ತೆ ಉಪ್ಪು ಮೆಣಸು ನಿವಾಳಿಸಿ ದೃಷ್ಟಿ ತೆಗೆದರು. ಡಾಕ್ಟರ್ ಮೂತ್ರ ಪರೀಕ್ಷೆ, ಸ್ಕ್ಯಾನ್ ಎಲ್ಲ ಮಾಡಿಸಿ ಏನೂ ಇಲ್ಲ ಅಂದರು. ಇನ್ನೊಬ್ಬ ಡಾಕ್ಟರ್ "ನಾಟಕ ಮಾಡ್ತಾಳೆ, ಎರಡು ಬಿಗಿಯಿರಿ" ಅಂದರು. ಬಿಗಿದೆ ಕೂಡ. ಬರೆಯುವಾಗ ನಾಚಿಕೆ ಆಗುತ್ತದೆ. ಅಳುತ್ತಾ ರಿಕ್ಷಾ ಹತ್ತಿದಳು, ಶಾಲೆಯಲ್ಲಿ ವಾಂತಿ ಮಾಡಿದಳು, ಹತ್ತು ಗಂಟೆಗೆ ನನಗೆ ಫೋನ್ ಬಂತು.

ಕೊನೆಗೆ ಗೆಳತಿಯೊಬ್ಬಳು ಹೇಳಿದ ಕೌನ್ಸೆಲರ್ ಕಡೆ ವಿಚಾರಿಸಿದೆ. ಮಗುವನ್ನು ಕರೆದುಕೊಂಡು ಬರುವುದು ಬೇಡ, ಮೊದಲು ನಿಮ್ಮ ಜೊತೆ ಮಾತಾಡುತ್ತೇವೆ, ಆನ್‌ಲೈನ್‌ನಲ್ಲೇ ಸಾಕು ಅಂದರು. ಎಂಟು ವಾರ. ವಾರಕ್ಕೊಂದು ಪಾಠ ಮೊಬೈಲಿಗೆ ಬರುತ್ತದೆ, ಓದಲು ಹದಿನೈದು ನಿಮಿಷ. ಬುಧವಾರ ರಾತ್ರಿ ಇಪ್ಪತ್ತು ನಿಮಿಷ ಫೋನ್. ಜ್ವರ ಬಂದದ್ದು ಅವಳಿಗೆ, ಗುಳಿಗೆ ನುಂಗುವುದು ನಾನಾ ಅಂತ ಗಂಡನ ಹತ್ತಿರ ನಕ್ಕಿದ್ದೆ.

ಮೊದಲ ವಾರದ ಹೋಂವರ್ಕ್ ಏನು ಗೊತ್ತಾ? ಅವಳು ಹೊಟ್ಟೆನೋವು ಅಂದಾಗ ನಾನು ಏನು ಮಾಡುತ್ತೇನೆ ಅಂತ ಬರೆದಿಡುವುದು. ಕ್ಯಾಲೆಂಡರಿನ ಹಿಂದೆ ಬರೆದೆ. ಸೋಮವಾರ: "ಏನೂ ಆಗುವುದಿಲ್ಲ ಪುಟ್ಟ" ಅಂತ ಹನ್ನೊಂದು ಸಲ ಹೇಳಿದ್ದು. ಮಂಗಳವಾರ: ಟೀಚರಿಗೆ ಫೋನ್ ಮಾಡಿ ಅವಳಿಗೆ ಹುಷಾರಿಲ್ಲ, ಏನೂ ಕೇಳಬೇಡಿ ಅಂದದ್ದು. ಬುಧವಾರ: ಮನೆಯಲ್ಲೇ ಉಳಿಸಿಕೊಂಡದ್ದು, ಹತ್ತು ಗಂಟೆಗೆ ಟಿವಿ, ಹನ್ನೊಂದಕ್ಕೆ ಗೋಳಿಬಜೆ. ಓದಿ ನೋಡಿದರೆ, ಅವಳ ಹೆದರಿಕೆಗೆ ದಿನಾ ಊಟ ಬಡಿಸುತ್ತಿದ್ದವಳು ನಾನೇ.

ಫೋನಿನಲ್ಲಿ ಕೌನ್ಸೆಲರ್ ಕೇಳಿದರು: "ಶಾಲೆಗೆ ಹೋದರೆ ಏನಾಗುತ್ತದೆ ಅಂತ ಅವಳಿಗೆ ಹೆದರಿಕೆ?" ನನಗೆ ಗೊತ್ತಿರಲಿಲ್ಲ. ಹೆದರಬೇಡ ಅಂತ ನೂರು ಸಲ ಹೇಳಿದ್ದೆ, ಯಾವುದಕ್ಕೆ ಹೆದರುತ್ತೀ ಅಂತ ಒಂದು ಸಲವೂ ಕೇಳಿರಲಿಲ್ಲ. ತಲೆಗೆ ಎಣ್ಣೆ ಹಾಕುವಾಗ, ಮುಖ ನೋಡದೆ ಕೇಳಿದೆ. ಗಟ್ಟಿಯಾಗಿ ಓದುವಾಗ "ಕತ್ತೆ" ಇದ್ದಲ್ಲಿ "ಕತ್ತಿ" ಅಂದಳಂತೆ. ಇಡೀ ಕ್ಲಾಸ್ ನಕ್ಕಿತಂತೆ. ಅವತ್ತಿನಿಂದ ಒಬ್ಬ ಹುಡುಗ ಅವಳನ್ನು ಕತ್ತಿ ಅಂತಲೇ ಕರೆಯುತ್ತಾನಂತೆ.

ಆಮೇಲೆ ಮೆಟ್ಟಿಲು ಮಾಡಿದೆವು. ಮೊದಲು ಬೆಕ್ಕಿಗೆ ಓದಿ ಹೇಳುವುದು. ಎರಡನೆಯದು ಅಜ್ಜಿಗೆ. ಮೂರು, ದುಬೈಯಲ್ಲಿರುವ ಅಪ್ಪನಿಗೆ ವಾಯ್ಸ್ ಮೆಸೇಜ್. ನಾಲ್ಕು, ಪಕ್ಕದ ಮನೆಯ ಅಕ್ಕನಿಗೆ. ಐದು, ಇಂಟರ್ವಲ್‌ನಲ್ಲಿ ಟೀಚರ್ ಒಬ್ಬರಿಗೇ. ಆರು, ಕ್ಲಾಸಿನಲ್ಲಿ ಒಂದೇ ಒಂದು ಸಾಲು. ಒಂದು ಮೆಟ್ಟಿಲಿನಲ್ಲಿ ಹೆದರಿಕೆ ಇಳಿಯುವ ತನಕ ಮುಂದಿನದಕ್ಕೆ ಹೋಗುವ ಹಾಗಿಲ್ಲ. ಈಗ ಐದರಲ್ಲಿ ಇದ್ದೇವೆ. ಹೊಟ್ಟೆನೋವು ಪೂರ್ತಿ ಹೋಗಿಲ್ಲ, ಆದರೆ ಈ ತಿಂಗಳು ಒಂದೇ ರಜೆ.

ನಾದಿನಿ ಹೇಳುತ್ತಾರೆ, ತಾನಾಗಿಯೇ ಸರಿಯಾಗುತ್ತಿತ್ತು, ಮಕ್ಕಳನ್ನು ಸಾಕುವುದನ್ನೂ ಮೊಬೈಲಿನಲ್ಲಿ ಕಲಿಯಬೇಕಾ ಅಂತ. ಇಲ್ಲಿ ಯಾರಾದರೂ ಹೀಗೆ ಮಾಡಿ ನೋಡಿದ್ದೀರಾ?

ಕಾರ್ಕಳದ ಕಾಕ · ಸೋಮವಾರ ರಾತ್ರಿ 10:05

ನಮ್ಮ ಮೇಷ್ಟ್ರ ಹತ್ತಿರ ನಾಗರಬೆತ್ತ ಇತ್ತು. ಕೌನ್ಸೆಲಿಂಗ್ ಎರಡು ಸೆಕೆಂಡಿನಲ್ಲಿ ಮುಗಿಯುತ್ತಿತ್ತು. ಹೊಟ್ಟೆನೋವು ಅಂದರೆ ಅಮ್ಮ ಹರಳೆಣ್ಣೆ ಕುಡಿಸುತ್ತಿದ್ದರು, ಮರುದಿನದಿಂದ ನೋವು ಮಾಯ. ಈಗ ಎಲ್ಲದಕ್ಕೂ ಒಂದು ಆ್ಯಪ್ ಮಾರಾಯ್ರೇ.

ಟೀಚರಕ್ಕ · ಸೋಮವಾರ ರಾತ್ರಿ 10:31

ಕಾಕ, ನೋವು ಎಲ್ಲಿ ಮಾಯ ಆಯ್ತು? ಹೇಳುವುದು ನಿಂತಿತು, ಅಷ್ಟೇ. ನಿಮ್ಮ ಜೊತೆ ಬೆಂಚಿನಲ್ಲಿ ಕೂತು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು ಎಷ್ಟು ಜನ ಅಂತ ಒಮ್ಮೆ ನೆನಪು ಮಾಡಿ. ಬೆತ್ತದ ಮಾತು ಬಂತಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಶಾಲೆಯಲ್ಲಿ ಹೊಡೆಯುವ ಹಾಗೂ ಇಲ್ಲ, ಮನಸ್ಸಿಗೆ ಹಿಂಸೆ ಕೊಡುವ ಹಾಗೂ ಇಲ್ಲ.

ನಾನು ಬಂಟ್ವಾಳ ಕಡೆ ಪ್ರೈಮರಿ ಶಾಲೆಯಲ್ಲಿ ಇರುವವಳು. ಗಲಾಟೆ ಮಾಡುವ ಮಗು ಮೊದಲ ವಾರವೇ ಕಣ್ಣಿಗೆ ಬೀಳುತ್ತದೆ. ಸುಮ್ಮನೆ ಕೂರುವ ಮಗು "ಒಳ್ಳೆ ಮಗು" ಆಗಿಬಿಡುತ್ತದೆ, ಒಳಗೆ ಏನು ನಡೆಯುತ್ತಿದೆ ಅಂತ ನಮಗೂ ಗೊತ್ತಾಗುವುದಿಲ್ಲ. ಪೋಷಕರು ಬಂದು "ಏನೂ ಕೇಳಬೇಡಿ" ಅಂದರೆ ನಮಗೆ ದಾರಿಯೇ ಇಲ್ಲ. "ಇಂಟರ್ವಲ್‌ನಲ್ಲಿ ಎರಡು ನಿಮಿಷ ಅವಳು ಓದುವುದು ಕೇಳಿ" ಅಂದರೆ ಹೆಚ್ಚಿನವರು ಇಲ್ಲ ಅನ್ನುವುದಿಲ್ಲ. ಆ ಕತ್ತಿ ಅಂತ ಕರೆಯುವ ಹುಡುಗನ ವಿಷಯವೂ ಟೀಚರ ಕಿವಿಗೆ ಹಾಕಿ ಅಮ್ಮ. ನಿಮ್ಮ ಮಗಳು ಮೆಟ್ಟಿಲು ಹತ್ತಲಿ, ಗೇಲಿ ನಿಲ್ಲಿಸುವುದು ಶಾಲೆಯ ಕೆಲಸ.

ಆನ್‌ಲೈನ್ ಬಗ್ಗೆ ನನ್ನದು ಬೇರೆ ತಕರಾರು. ನಮ್ಮಲ್ಲಿ ಅರ್ಧ ಅಮ್ಮಂದಿರು ಬೀಡಿ ಕಟ್ಟುವವರು. ತಡ್ಪೆ (ಮೊರ) ಮಡಿಲಲ್ಲಿ, ಎರಡೂ ಕೈಗೆ ಕೆಲಸ. ಮನೆಗೊಂದೇ ಒಳ್ಳೆ ಫೋನ್, ಅದು ದೊಡ್ಡ ಮಗನ ಜೊತೆ ಕಾಲೇಜಿಗೆ ಹೋಗಿರುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಅದರ ಹಿಂದೆಯೇ ನೆಟ್‌ವರ್ಕ್. ಝೂಮ್‌ಗೆ ಬನ್ನಿ ಅಂದರೆ ಯಾರು ಬರುತ್ತಾರೆ? ನಾನು ತುಳುವಿನಲ್ಲಿ ಎರಡು ನಿಮಿಷದ ವಾಯ್ಸ್ ಮೆಸೇಜ್ ಕಳಿಸುತ್ತೇನೆ. ರಾತ್ರಿ ಬೀಡಿ ಕಟ್ಟುತ್ತಲೇ ಕೇಳುತ್ತಾರೆ. ಉತ್ತರವೂ ವಾಯ್ಸಿನಲ್ಲೇ ಬರುತ್ತದೆ. ಒಬ್ಬರದು ಮೊನ್ನೆ ನಾಲ್ಕು ನಿಮಿಷ ಇತ್ತು, ಅದರಲ್ಲಿ ಮೂರು ನಿಮಿಷ ಅತ್ತಿದ್ದೇ.

ಮಣಿಪಾಲದ ಓದುಗ · ಮಂಗಳವಾರ ಬೆಳಿಗ್ಗೆ 7:15

"ತಾನಾಗಿಯೇ ಸರಿಯಾಗುತ್ತಿತ್ತು" ಅನ್ನುವುದು ಒಳ್ಳೆಯ ಪ್ರಶ್ನೆಯೇ. ಒಂದು ಮಗುವನ್ನು ನೋಡಿ ಅದಕ್ಕೆ ಉತ್ತರ ಹೇಳಲು ಆಗುವುದಿಲ್ಲ, ಎರಡು ಗುಂಪು ಮಾಡಿಯೇ ನೋಡಬೇಕು. ಮಾಡಿದ್ದಾರೆ ಕೂಡ.

ಫಿನ್‌ಲೆಂಡಿನ ಟುರ್ಕು ವಿಶ್ವವಿದ್ಯಾಲಯದವರು ನಾಲ್ಕು ವರ್ಷದ ಮಕ್ಕಳ ಮಾಮೂಲಿ ಆರೋಗ್ಯ ತಪಾಸಣೆಯ ಹೊತ್ತಿಗೇ ಪೋಷಕರಿಗೆ ಪ್ರಶ್ನೆ ಕೇಳಿ, ಹಠ, ಸಿಟ್ಟು, ಹೊಡೆದಾಟ ಜಾಸ್ತಿ ಇದ್ದ 464 ಮಕ್ಕಳ ಮನೆಯವರನ್ನು ಆರಿಸಿಕೊಂಡರು. ಅರ್ಧ ಮನೆಯವರಿಗೆ 11 ವಾರ ಇಂಟರ್ನೆಟ್ ಪಾಠ, ಜೊತೆಗೆ ಪ್ರತಿ ವಾರ ಫೋನ್. ಉಳಿದ ಅರ್ಧಕ್ಕೆ ಸಾಮಾನ್ಯ ಸಲಹೆಗಳಿದ್ದ ವೆಬ್‌ಸೈಟ್, ಒಂದೇ ಒಂದು ಫೋನ್. 2016ರಲ್ಲಿ ಫಲಿತಾಂಶ ಬಂತು. ವರ್ಷ ಕಳೆದ ಮೇಲೂ ಮೊದಲ ಗುಂಪಿನ ಮಕ್ಕಳಲ್ಲಿ ರಗಳೆ ಹೆಚ್ಚು ಇಳಿದಿತ್ತು. ಗಮನಿಸಿ, ವೆಬ್‌ಸೈಟ್ ಎರಡೂ ಗುಂಪಿಗೆ ಇತ್ತು. ವಾರ ವಾರ ಮನೆಯ ವಿಷಯ ಕೇಳುವವರು ಮಾತ್ರ ಒಂದೇ ಗುಂಪಿಗೆ ಇದ್ದರು.

ಸುರತ್ಕಲ್ ಅಮ್ಮನವರದ್ದು ಇನ್ನೊಂದಕ್ಕೆ ಹತ್ತಿರ ಉಂಟು. ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡ್‌ನ ತಂಡ 5ರಿಂದ 12 ವರ್ಷದ, ಹೆದರಿಕೆ ಆತಂಕ ಇರುವ ಮಕ್ಕಳ 444 ಕುಟುಂಬಗಳ ಜೊತೆ ಮಾಡಿದ್ದು, 2024ರಲ್ಲಿ ಪ್ರಕಟವಾಯಿತು. ಕಲಿಯುವವರು ಅಪ್ಪ ಅಮ್ಮ, ಪಾಠ ಆನ್‌ಲೈನ್, ಜೊತೆಗೆ ಥೆರಪಿಸ್ಟ್ ಚುಟುಕಾಗಿ ಫೋನ್ ಮಾಡುತ್ತಾರೆ. ಮಾಮೂಲಿ ಚಿಕಿತ್ಸೆ ಪಡೆದ ಮಕ್ಕಳಷ್ಟೇ ಇವರೂ ಸುಧಾರಿಸಿದರು, ಥೆರಪಿಸ್ಟ್‌ಗಳ ಸಮಯ ಶೇ. 40ರಷ್ಟು ಉಳಿಯಿತು. ಮಕ್ಕಳ ಮನಸ್ಸಿನ ಡಾಕ್ಟರು ಬೆರಳೆಣಿಕೆಯಷ್ಟೇ ಇರುವ ನಮ್ಮಂಥ ಕಡೆ ಆ ಶೇ. 40 ಸಣ್ಣ ಮಾತಲ್ಲ.

ಎರಡೂ ಹೊರದೇಶದ್ದು, ಅಲ್ಲಿನ ಮನೆ ಬೇರೆ, ನಮ್ಮ ಮನೆ ಬೇರೆ. ಅದನ್ನೂ ಹೇಳಿಬಿಡುತ್ತೇನೆ.

ಮಲ್ಪೆ ಬೋಟ್ · ಮಂಗಳವಾರ ಮಧ್ಯಾಹ್ನ 2:20

ಫೋನ್ ಮಾಡಿ ಕೇಳುವವರು ಬೇಕು ಅನ್ನುವುದಕ್ಕೆ ನಾನೇ ಸಾಕ್ಷಿ.

ಮಗನಿಗೆ ನಾಲ್ಕು ವರ್ಷ. ಕಚ್ಚುವುದು, ಹೊಡೆಯುವುದು, ತಂಗಿಯ ಕೂದಲು ಎಳೆಯುವುದು. ಅಂಗನವಾಡಿಯಿಂದ ದಿನಾ ದೂರು. ಹೋದ ವರ್ಷ ದುಡ್ಡು ಕೊಟ್ಟು ಒಂದು ಪೇರೆಂಟಿಂಗ್ ಕೋರ್ಸ್ ತೆಗೆದುಕೊಂಡೆವು, 40 ವಿಡಿಯೋ. ಆರನೆಯದರಲ್ಲಿ ಹೆಂಡತಿ ನಿದ್ದೆ ಹೋದಳು, ಮೂರನೆಯದರಲ್ಲಿ ನಾನು. ಯಾಕೆ ನೋಡಲಿಲ್ಲ ಅಂತ ಕೇಳುವವರೂ ಇಲ್ಲ.

ಈ ಸಲ ಜೂನ್ 1ರಿಂದ ಮಳೆಗಾಲದ ಮೀನುಗಾರಿಕೆ ನಿಷೇಧ, ಬೋಟ್ ಬಂದ್, 61 ದಿನ ನಾನು ಮನೆಯಲ್ಲೇ. ಒಬ್ಬರು ಕೌನ್ಸೆಲರ್ ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡುತ್ತಾರೆ. ಹೇಳಿಕೊಟ್ಟದ್ದು ಸುಲಭದ್ದು. ದಿನಾ ಹತ್ತು ನಿಮಿಷ ಮಗ ಹೇಳಿದ ಆಟ ಆಡಬೇಕು. ಮೊಬೈಲ್ ದೂರ ಇಡಬೇಕು. ಪ್ರಶ್ನೆ ಕೇಳಬಾರದು, ತಿದ್ದಬಾರದು, ಹೀಗೆ ಮಾಡು ಅನ್ನಬಾರದು. ಅವನು ಮಾಡುವುದನ್ನು ನೋಡಿ ಬಾಯಲ್ಲಿ ಹೇಳುತ್ತಾ ಇದ್ದರೆ ಸಾಕು.

ಹತ್ತು ನಿಮಿಷ ಅಲ್ವಾ, ಎಂತ ಮಹಾ ಅಂದುಕೊಂಡೆ. ಮಗ ಸೋಡಾ ಬಾಟಲಿಯ ಮುಚ್ಚಳಗಳನ್ನು ಸಾಲಾಗಿ ಇಟ್ಟು ಬೋಟ್ ಅಂದ. "ಬೋಟ್ ಹಾಗೆ ಕಟ್ಟುವುದಲ್ಲ, ಮೂತಿ ಆಚೆ ಇರಬೇಕು" ಅಂದೆ. ಬಂಗುಡೆ ಇಳಿಸಿದ. "ಮೊದಲು ಐಸ್ ಹಾಕಬೇಕಲ್ಲ" ಅಂದೆ. ಹೆಂಡತಿ ಅಡುಗೆಮನೆಯ ಬಾಗಿಲಿನಲ್ಲಿ ನಿಂತು ಲೆಕ್ಕ ಮಾಡಿದಳು. ಹತ್ತು ನಿಮಿಷದಲ್ಲಿ ಒಂಬತ್ತು ಸಲ ತಿದ್ದಿದ್ದೇನೆ. ಮಗ ಮುಚ್ಚಳ ಎಲ್ಲ ಎತ್ತಿ ಬಿಸಾಡಿ ಹೋದ. ಬೇರೆ ದಿನ ಆಗಿದ್ದರೆ ಬಿಸಾಡಿದ್ದಕ್ಕೆ ಬೆನ್ನಿಗೊಂದು ಬೀಳುತ್ತಿತ್ತು.

ಎರಡು ವಾರ ಬೇಕಾಯಿತು ಬಾಯಿ ಮುಚ್ಚಿ ಕೂರಲು. ಈಗ "ಕೆಂಪು ಬೋಟ್ ಮೊದಲು ಬಂತು, ನೀಲಿ ಬೋಟ್ ಹಿಂದೆ ಬಂತು" ಅಂತ ಹೇಳುತ್ತಾ ಕೂರುತ್ತೇನೆ. ನನ್ನ ಅಣ್ಣ ನೋಡಿ ನಗುತ್ತಾನೆ, ನಗಲಿ. ಇನ್ನೊಂದು, ತಂಗಿಯ ಜೊತೆ ಜಗಳ ಇಲ್ಲದೆ ಐದು ನಿಮಿಷ ಆಡಿದರೆ ಆಗಲೇ ಹೇಳಬೇಕಂತೆ, "ತಂಗಿಗೂ ಒಂದು ಬೋಟ್ ಕೊಟ್ಟಿಯಲ್ಲ, ಚೆಂದ ಆಯ್ತು" ಅಂತ. ಬರೀ "ಗುಡ್ ಬಾಯ್" ಅಂದರೆ ಯಾವುದಕ್ಕೆ ಅಂತ ಅವನಿಗೆ ಗೊತ್ತಾಗುವುದಿಲ್ಲ. ಕಚ್ಚುವುದು ಇನ್ನೂ ಉಂಟು, ಆದರೆ ದಿನಾ ಇಲ್ಲ.

ನನ್ನ ಚಿಂತೆ ಆಗಸ್ಟಿನದು. ಬೋಟ್ ಹೊರಟರೆ ಎಂಟು ಹತ್ತು ದಿನ ಸಮುದ್ರದಲ್ಲೇ. ದೂರ ಹೋದರೆ ಫೋನೂ ಸಿಗುವುದಿಲ್ಲ. ಹತ್ತು ನಿಮಿಷದ ಆಟಕ್ಕೆ ಅಪ್ಪನೇ ಇಲ್ಲ. ಏನು ಮಾಡುವುದು?

ಸುರತ್ಕಲ್ ಅಮ್ಮ · ಮಂಗಳವಾರ ಮಧ್ಯಾಹ್ನ 3:02

ಆ ಒಂಬತ್ತು ಸಲದ ಲೆಕ್ಕ ಓದಿ ನಗು ಬಂತು, ಆಮೇಲೆ ನನ್ನ ಹನ್ನೊಂದು ನೆನಪಾಯಿತು.

ಉಡುಪಿ ಕೌನ್ಸೆಲರ್ · ಮಂಗಳವಾರ ರಾತ್ರಿ 8:50

ಇದೇ ಕೆಲಸದಲ್ಲಿ ಇರುವವಳು, ಅದಕ್ಕೆ ಒಂದೆರಡು ಮಾತು.

ಮೊದಲು ಹೊಟ್ಟೆನೋವು. ಇದನ್ನು ಓದಿ ಯಾರೂ ಎಲ್ಲ ಹೊಟ್ಟೆನೋವನ್ನೂ ಹೆದರಿಕೆ ಅಂತ ತಿಳಿಯಬೇಡಿ. ಸುರತ್ಕಲ್ ಅಮ್ಮ ಮೊದಲು ಡಾಕ್ಟರಿಗೆ ತೋರಿಸಿದ್ದು ಸರಿಯಾದ ಕ್ರಮ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ತೂಕ ಇಳಿಯುವುದು, ಮಲದಲ್ಲಿ ರಕ್ತ, ನಿಲ್ಲದ ವಾಂತಿ, ಇದೆಲ್ಲ ಇದ್ದರೆ ಮಕ್ಕಳ ಡಾಕ್ಟರ ಹತ್ತಿರವೇ ಓಡಬೇಕು. ಮತ್ತೆ, ಹೆದರಿಕೆಯಿಂದ ಬರುವ ನೋವೂ ನಿಜವಾದ ನೋವು. ನಾಟಕ ಅನ್ನಬೇಡಿ. ಪರೀಕ್ಷೆಯ ದಿನ ನಮಗೆಲ್ಲ ಹೊಟ್ಟೆ ಕಿವುಚಿದ್ದು ನಾಟಕವಾಗಿತ್ತಾ?

"ಏನೂ ಆಗುವುದಿಲ್ಲ" ಅನ್ನುವುದು ಬಾಯಾರಿದವರಿಗೆ ಉಪ್ಪುನೀರು ಕೊಟ್ಟ ಹಾಗೆ. ಆ ಗಳಿಗೆಗೆ ಸಮಾಧಾನ, ಮರುಗಳಿಗೆಗೆ ಮತ್ತೆ ಬೇಕು. ಮನೆಯಲ್ಲಿ ಉಳಿದರೆ ಹೊಟ್ಟೆ ಸರಿಯಾಗುತ್ತದೆ, ಆಗ ಮಗುವಿಗೆ "ಓ, ಶಾಲೆಗೆ ಹೋಗದ್ದಕ್ಕೇ ಬಚಾವಾದೆ" ಅಂತ ಗಟ್ಟಿಯಾಗುತ್ತದೆ. ಒಂದು ರಜೆಯ ಮರುದಿನ ಹೋಗುವುದು ಇನ್ನೂ ಕಷ್ಟ ಆಗುವುದು ಅದಕ್ಕೇ. ಅದರ ಬದಲು ಹೀಗೆ ಹೇಳಬಹುದು: "ಹೊಟ್ಟೆ ನೋಯುತ್ತಿದೆ, ಗೊತ್ತು. ಹೆದರಿಕೆ ಆದರೆ ನನಗೂ ಹಾಗೇ. ಹೋಗಿ ನೋಡುವ, ಎಂತ ಆಗುತ್ತದೆ ಅಂತ. ಸಂಜೆ ನನಗೆ ಹೇಳು."

ಅಪ್ಪ ಅಮ್ಮನಿಗೇ ಯಾಕೆ ಕಲಿಸುವುದು ಅಂದರೆ, ನಾನು ಮಗುವಿನ ಜೊತೆ ಇರುವುದು ವಾರಕ್ಕೆ ಮುಕ್ಕಾಲು ಗಂಟೆ. ಏಳೂವರೆಯ ಹಾರ್ನ್ ಕೇಳುವಾಗ ಪಕ್ಕದಲ್ಲಿ ಇರುವವರು ನೀವು.

ಬೇಗ ಯಾಕೆ ಅಂತ ಕೇಳುವವರಿಗೆ: 2021ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಮಾನಸಿಕ ಕಾಯಿಲೆಗಳಲ್ಲಿ ಸುಮಾರು ಮೂರನೇ ಒಂದು ಭಾಗ 14 ವರ್ಷದ ಒಳಗೇ ಶುರುವಾಗಿದ್ದು ಕಂಡಿತು. ನಮ್ಮ ದೇಶದಲ್ಲಿ ನಿಮ್ಹಾನ್ಸ್ ಮುಂದೆ ನಿಂತು ಮಾಡಿದ 2015–16ರ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಇತ್ತು. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಸುಮಾರು ಮೂರು ಮಕ್ಕಳು.

ಆನ್‌ಲೈನ್ ಸಾಲದ ಜಾಗವೂ ಉಂಟು. ಸಾಯುವ ಮಾತು, ಕೈ ಕೊಯ್ದುಕೊಳ್ಳುವುದು, ಊಟ ನಿದ್ದೆ ಪೂರ್ತಿ ಕೆಡುವುದು, ಬರುತ್ತಿದ್ದ ಮಾತು ನಿಂತುಹೋಗುವುದು, ಯಾರೋ ದೊಡ್ಡವರ ಹೆಸರು ಕೇಳಿದರೆ ಬೆವರುವುದು. ಇಂಥದ್ದಕ್ಕೆ ಮೆಟ್ಟಿಲು, ಆಟ ಅಂತ ಕಾಯಬೇಡಿ. ನೇರ ಆಸ್ಪತ್ರೆಗೆ ಹೋಗಿ. ಮಗುವಿಗೆ ಯಾರಾದರೂ ತೊಂದರೆ ಕೊಡುತ್ತಿದ್ದಾರೆ ಅನಿಸಿದರೆ ಮಕ್ಕಳ ಸಹಾಯವಾಣಿ, 1098. ಮನಸ್ಸಿನ ವಿಷಯಕ್ಕೆ ಟೆಲಿ ಮಾನಸ್, 14416. ಕೇಂದ್ರ ಸರಕಾರದ್ದು, 2022ರ ಅಕ್ಟೋಬರ್ 10ರಂದು ಶುರುವಾದದ್ದು. ದಿನದ 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಟೀಚರಕ್ಕ, ಕೀಪ್ಯಾಡ್ ಫೋನಿನಿಂದಲೂ ಆಗುತ್ತದೆ, ನಿಮ್ಮ ಅಮ್ಮಂದಿರಿಗೆ ಹೇಳಿ. ಮಂಗಳೂರಿನವರಿಗೆ ವೆನ್‌ಲಾಕ್ ಸರಕಾರಿ ಆಸ್ಪತ್ರೆ ಉಂಟು. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಉಂಟು. ಹೋಗುವ ಮೊದಲು ಒಮ್ಮೆ ಫೋನ್ ಮಾಡಿ ಕೇಳಿಕೊಳ್ಳಿ.

ಮಲ್ಪೆಯವರೇ, ಹತ್ತು ನಿಮಿಷಕ್ಕೆ ನೀವೇ ಆಗಬೇಕು ಅಂತಿಲ್ಲ. ಅಮ್ಮ ಆಡಲಿ. ಬೋಟ್ ಹೊರಡುವ ಮೊದಲು ಅವನ ಕೈಗೆ ಒಂದು ಮುಚ್ಚಳ ಕೊಟ್ಟು, ನೀವು ಒಂದು ಇಟ್ಟುಕೊಳ್ಳಿ. ವಾಪಸ್ ಬಂದ ದಿನ ಮೀನಿನ ಲೆಕ್ಕ, ಬಲೆಯ ಲೆಕ್ಕ ಎಲ್ಲ ಆಮೇಲೆ. ಮೊದಲ ಹತ್ತು ನಿಮಿಷ ಅವನದು.

ಕಾರ್ಕಳದ ಕಾಕ · ಮಂಗಳವಾರ ರಾತ್ರಿ 9:30

ಎಲ್ಲ ಓದಿದೆ. ಬೆತ್ತದ ಮಾತು ವಾಪಸ್ ತೆಗೆದುಕೊಂಡೆ, ಹರಳೆಣ್ಣೆಯದ್ದು ಇಲ್ಲ.

ಆದರೆ ಒಂದು ಕೇಳುತ್ತೇನೆ. ನಿಮ್ಮ ಈ ಕಾಲ್‌ಗಳಲ್ಲಿ ಅಜ್ಜ ಅಜ್ಜಿಯನ್ನು ಯಾರಾದರೂ ಕೂರಿಸಿಕೊಂಡಿದ್ದೀರಾ? ಮಗನ ಮನೆಗೆ ಹೋದರೆ ಮೊಮ್ಮಗ ನನ್ನ ಹತ್ತಿರ ಓಡಿ ಬರುತ್ತಾನೆ, ನಾನು ಮೊಬೈಲ್ ಕೊಡುತ್ತೇನೆ, ಸೊಸೆ ಮುಖ ಊದಿಸುತ್ತಾಳೆ. ಅವಳು ಯಾವುದೋ ಕ್ಲಾಸಿನಲ್ಲಿ ಏನೋ ಕಲಿತಿದ್ದಾಳೆ ಅಂತ ನನಗೆ ಗೊತ್ತಾದದ್ದು ಜಗಳ ಆದ ಮೇಲೆ. ನಮಗೆ ಮೊದಲೇ ಹೇಳಿದರೆ ನಾವು ಕೇಳುವುದಿಲ್ಲ ಅಂತ ಯಾರು ಹೇಳಿದ್ದು?

ಟೀಚರಕ್ಕ · ಮಂಗಳವಾರ ರಾತ್ರಿ 9:44

ಕಾಕ, ಇದು ಸರಿಯಾದ ಮಾತು. ಹಗಲು ಮಗುವನ್ನು ನೋಡಿಕೊಳ್ಳುವುದು ಅಜ್ಜಿ, ಪಾಠ ಹೋಗುವುದು ಅಮ್ಮನ ಮೊಬೈಲಿಗೆ. ಕೌನ್ಸೆಲರ್ ಮೇಡಂ ಓದುತ್ತಿದ್ದರೆ ಬರೆದಿಟ್ಟುಕೊಳ್ಳಿ.

ಶಾರ್ಜಾದಿಂದ ಬ್ರಹ್ಮಾವರ · ಬುಧವಾರ ರಾತ್ರಿ 12:10

ನಮ್ಮಂಥವರಿಗೆ ಆನ್‌ಲೈನ್ ಇಲ್ಲದಿದ್ದರೆ ಅಪ್ಪ ಅನ್ನುವ ಪಾತ್ರವೇ ಇಲ್ಲ. ಊರಿನಲ್ಲಿ ಒಂಬತ್ತೂವರೆ ಅಂದರೆ ಇಲ್ಲಿ ಎಂಟು. ಕೆಲಸ ಬಿಟ್ಟು ಬರುವಾಗ ಬಸ್ಸಿನಲ್ಲೇ ಕೂತು ಕಾಲ್‌ಗೆ ಸೇರುತ್ತೇನೆ. ಮೊದಲು ಮಗಳ ವಿಷಯ ನನಗೆ ಬರುತ್ತಿದ್ದುದು ದೂರಿನ ರೂಪದಲ್ಲಿ ಮಾತ್ರ. "ನೋಡಿ, ನಿಮ್ಮ ಮಗಳು ಹೀಗೆ ಮಾಡಿದಳು." ನಾನು ಇಲ್ಲಿಂದಲೇ ಗದರುತ್ತಿದ್ದೆ. ತಿಂಗಳಿಗೊಮ್ಮೆ ಗದರುವ ಅಪ್ಪ, ವರ್ಷಕ್ಕೊಮ್ಮೆ ಚಾಕ್ಲೇಟ್ ತರುವ ಅಪ್ಪ.

ಒಂದು ಎಚ್ಚರಿಕೆ ಹೇಳಬೇಕು. ನಮ್ಮ ಸಂಬಂಧಿಕರ ಗ್ರೂಪಿನಲ್ಲಿ ಒಬ್ಬರು ಮಗು ಹಠ ಮಾಡುವ ವಿಡಿಯೋ ಹಾಕಿ ಏನು ಮಾಡುವುದು ಅಂತ ಸಲಹೆ ಕೇಳಿದರು. ನಲವತ್ತು ಸಲಹೆ ಬಂತು, ಆ ವಿಡಿಯೋ ಬೇರೆ ನಾಲ್ಕು ಗ್ರೂಪಿಗೂ ಹೋಯಿತು. ಆ ಹುಡುಗ ಈಗ ಆರನೇ ಕ್ಲಾಸ್, ಅದನ್ನು ತೋರಿಸಿ ಈಗಲೂ ನಗುತ್ತಾರೆ. ಕೇಳುವುದಿದ್ದರೆ ಒಬ್ಬರ ಹತ್ತಿರ ಕೇಳಿ. ಶಾಲೆಯ ಗ್ರೂಪಿನಲ್ಲಂತೂ ಬೇಡವೇ ಬೇಡ.

ಸುರತ್ಕಲ್ ಅಮ್ಮ · ಶುಕ್ರವಾರ ಸಂಜೆ 5:25

ಎಲ್ಲರಿಗೂ ಒಂದೊಂದಾಗಿ ಉತ್ತರ ಬರೆಯಲು ಆಗಲಿಲ್ಲ, ಕ್ಷಮಿಸಿ. ಎರಡು ವಿಷಯ.

ಕಾಕ ಹೇಳಿದ್ದು ಮನಸ್ಸಿಗೆ ನಾಟಿತು. ಬುಧವಾರದ ಕಾಲ್‌ಗೆ ಅತ್ತೆಯನ್ನೂ ಪಕ್ಕ ಕೂರಿಸಿದೆ. ಸ್ಪೀಕರ್ ಹಾಕಿ, ಕನ್ನಡ ಪೂರ್ತಿ ಬರದ ಕಡೆ ನಾನು ತುಳುವಿನಲ್ಲಿ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ: "ಹಾಗಾದರೆ ಗೋಳಿಬಜೆ ಕೊಡಬಾರದಾ?" ಶಾಲೆಯಿಂದ ಬಂದ ಮೇಲೆ ಕೊಡಬಹುದು ಅಂತ ತೀರ್ಮಾನ ಆಯ್ತು.

ನಿನ್ನೆ ಆರನೇ ಮೆಟ್ಟಿಲು. ಟೀಚರ್ ಮೊದಲೇ ಸಾಲು ತೋರಿಸಿದ್ದರಂತೆ. ನಡುವಿನಲ್ಲಿ ಒಂದು ಕಡೆ ನಿಂತಿತಂತೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರಂತೆ. "ಆಮೇಲೆ?" ಅಂತ ಕೇಳಿದೆ. "ಆಮೇಲೆ ಎಂತ ಇಲ್ಲ, ನಾನು ಓದಿದೆ, ಅವರು ಕೂತರು, ಬೆಲ್ ಆಯ್ತು" ಅಂದಳು.

ಇವತ್ತು ಬೆಳಿಗ್ಗೆ ಹಾರ್ನ್ ಕೇಳಿದಾಗ ಹೊಟ್ಟೆ ಹಿಡಿದುಕೊಂಡಳು. ಇನ್ನೊಂದು ಕೈಯಲ್ಲಿ ಸಾಕ್ಸ್ ಎಳೆಯುತ್ತಿದ್ದಳು.

ಮಲ್ಪೆ ಬೋಟ್ · ಶುಕ್ರವಾರ ಸಂಜೆ 6:11

ಅಕ್ಕ, ಆ ಕ್ಯಾಲೆಂಡರಿನ ಹಿಂದೆ ಬರೆದದ್ದರ ಫೋಟೋ ಇದ್ದರೆ ಕಳಿಸುತ್ತೀರಾ? ಹೆಂಡತಿ ಕೇಳುತ್ತಿದ್ದಾಳೆ.

ಸುರತ್ಕಲ್ ಅಮ್ಮ · ಶುಕ್ರವಾರ ಸಂಜೆ 6:30

ಖಂಡಿತ. ಮಗಳ ಹೆಸರು ಉಂಟು ಅದರಲ್ಲಿ, ಅಳಿಸಿ ಕಳಿಸುತ್ತೇನೆ. ಆದಿತ್ಯವಾರದ ತನಕ ಟೈಮ್ ಕೊಡಿ.